ಜನತಾ ಮೋರ್ಚಾ (ಗುಜರಾತ್, 1975–76)

ಜನತಾ ಮೋರ್ಚಾ 1975ರ ಗುಜರಾತ್ ವಿಧಾನಸಭಾ ಚುನಾವಣೆಗಾಗಿ ಕಾಂಗ್ರೆಸ್ಸೇತರ ಪಕ್ಷಗಳು ಕಟ್ಟಿಕೊಂಡ ಮೈತ್ರಿಕೂಟ. ಒಡೆದ ಕಾಂಗ್ರೆಸ್ಸಿನ ಇಂದಿರಾ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್, ಭಾರತೀಯ ಜನಸಂಘ, ಭಾರತೀಯ ಲೋಕದಳ ಮತ್ತು ಸಮಾಜವಾದಿ ಪಕ್ಷ ಇದರ ಮುಖ್ಯ ಅಂಗಗಳು. ಬಾಬುಭಾಯಿ ಜಶಭಾಯಿ ಪಟೇಲ್ ನೇತೃತ್ವದ ಮೋರ್ಚಾ ಸರ್ಕಾರ 1975ರ ಜೂನ್ 18ರಂದು ಅಧಿಕಾರ ವಹಿಸಿಕೊಂಡಿತು. ಒಂದು ವಾರದಲ್ಲೇ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆ ಬಳಿಕವೂ ಸುಮಾರು ಒಂಬತ್ತು ತಿಂಗಳು, 1976ರ ಮಾರ್ಚ್‌ವರೆಗೆ, ಸರ್ಕಾರ ಉಳಿಯಿತು. ಹಲವು ದೇಶಗಳ ವಿರೋಧ ಪಕ್ಷಗಳು ಎದುರಿಸಿದಂಥ ಸೇನಾಡಳಿತ ಭಾರತದಲ್ಲಿ ಎಂದೂ ಬಂದಿಲ್ಲ. ಆದರೆ ನಾಗರಿಕ ಹಕ್ಕುಗಳು ಅಮಾನತಾದ ಕಾಲದಲ್ಲಿ ಸಂವಿಧಾನದ ಚೌಕಟ್ಟನ್ನು ಬಿಡದ ಮಧ್ಯಮಮಾರ್ಗಿ ಪಕ್ಷಗಳು ಮತಪೆಟ್ಟಿಗೆಯಿಂದ ಏನನ್ನು ಗಳಿಸಬಹುದು, ಎಲ್ಲಿ ಸೋಲುತ್ತವೆ ಎಂಬುದಕ್ಕೆ ದೇಶದೊಳಗಿನ ಸಮೀಪದ ನಿದರ್ಶನ ಇದು.

ಹಿನ್ನೆಲೆ

1972ರ ಚುನಾವಣೆಯಲ್ಲಿ ಕಾಂಗ್ರೆಸ್ ಗುಜರಾತಿನ 168 ಸ್ಥಾನಗಳ ಪೈಕಿ 140ನ್ನು ಗೆದ್ದಿತ್ತು. ಪಕ್ಷದ ಒಳಜಗಳದಿಂದ ಘನಶ್ಯಾಮ ಓಝಾ ಕೆಳಗಿಳಿದು, 1973ರ ಜುಲೈನಲ್ಲಿ ಚಿಮನ್‌ಭಾಯಿ ಪಟೇಲ್ ಮುಖ್ಯಮಂತ್ರಿಯಾದರು. ಆ ವರ್ಷ ಆಹಾರಧಾನ್ಯ ಮತ್ತು ಕಡಲೆಕಾಯಿ ಎಣ್ಣೆಯ ಬೆಲೆ ಏರಿ ಜನ ಕಂಗೆಟ್ಟಿದ್ದರು. ಡಿಸೆಂಬರ್ 20ರಂದು ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಹಾಸ್ಟೆಲ್ ಮೆಸ್ ಬಿಲ್ಲನ್ನು ಶೇಕಡ 20ರಷ್ಟು ಏರಿಸಿದ್ದನ್ನು ವಿರೋಧಿಸಿ ಮುಷ್ಕರ ಹೂಡಿದರು. ಜನವರಿಯಲ್ಲಿ ಗುಜರಾತ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬೀದಿಗಿಳಿದರು. ಅಧ್ಯಾಪಕರು, ವಕೀಲರು, ಕಾರ್ಮಿಕರು, ಗೃಹಿಣಿಯರು ಕೂಡಿಕೊಂಡು ಅದು ‘ನವನಿರ್ಮಾಣ’ ಚಳವಳಿಯಾಯಿತು.

ಊಟದ ಬಿಲ್ಲಿನಿಂದ ಹೊತ್ತಿಕೊಂಡ ಸಿಟ್ಟು ಒಂದೇ ತಿಂಗಳಲ್ಲಿ ಎಷ್ಟು ಹಬ್ಬಿತೆಂದರೆ, 1974ರ ಜನವರಿ 28ರಂದು ಅಹಮದಾಬಾದಿಗೆ ಸೇನೆಯನ್ನು ಕರೆಸಬೇಕಾಯಿತು. ಹಲವು ಪಟ್ಟಣಗಳಲ್ಲಿ ಕರ್ಫ್ಯೂ ಬಿತ್ತು. ಗಲಭೆ, ಗೋಲಿಬಾರುಗಳಲ್ಲಿ ಸುಮಾರು 100 ಮಂದಿ ಸತ್ತರು. ಫೆಬ್ರವರಿ 9ರಂದು ಚಿಮನ್‌ಭಾಯಿ ರಾಜೀನಾಮೆ ಕೊಟ್ಟರು, ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಎರಡು ದಿನಗಳ ಬಳಿಕ ಸರ್ವೋದಯ ನಾಯಕ ಜಯಪ್ರಕಾಶ ನಾರಾಯಣ್ ಅಹಮದಾಬಾದಿಗೆ ಬಂದರು. ಶಾಸಕರ ಸಾಲು ಸಾಲು ರಾಜೀನಾಮೆ ಮತ್ತು ಸಂಸ್ಥಾ ಕಾಂಗ್ರೆಸ್ ನಾಯಕ ಮೊರಾರ್ಜಿ ದೇಸಾಯಿಯವರ ಉಪವಾಸದ ಬಳಿಕ, ಮಾರ್ಚ್ ನಡುವಿನಲ್ಲಿ ವಿಧಾನಸಭೆಯೂ ವಿಸರ್ಜನೆಗೊಂಡಿತು.

ಚುನಾವಣೆ

ವಿಧಾನಸಭೆ ವಿಸರ್ಜನೆಯಾಗಿ ವರ್ಷ ಕಳೆದರೂ ಕೇಂದ್ರ ಸರ್ಕಾರ ಚುನಾವಣೆ ನಡೆಸಲಿಲ್ಲ. 1957ರಿಂದ ಸೂರತ್ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಮೊರಾರ್ಜಿ 1975ರ ಏಪ್ರಿಲ್ 7ರಂದು ಮತ್ತೆ ಉಪವಾಸ ಕೂತರು. ಜೂನ್‌ನಲ್ಲಿ ಚುನಾವಣೆ ನಡೆಸಲು ಪ್ರಧಾನಿ ಇಂದಿರಾ ಗಾಂಧಿ ಒಪ್ಪಿದ ಮೇಲೆ, ಏಪ್ರಿಲ್ 13ರಂದು ಉಪವಾಸ ಮುಗಿಸಿದರು.

ಮೋರ್ಚಾ ಒಂದೇ ಪಕ್ಷವಾಗಿರಲಿಲ್ಲ. ಸೀಟುಗಳನ್ನು ಹಂಚಿಕೊಂಡ ಪಕ್ಷಗಳು ತಂತಮ್ಮ ಹೆಸರಿನಲ್ಲೇ ಕಣಕ್ಕಿಳಿದವು. ಈ ನಡುವೆ ಕಾಂಗ್ರೆಸ್ಸಿನಿಂದ ಹೊರಬಿದ್ದಿದ್ದ ಚಿಮನ್‌ಭಾಯಿ ‘ಕಿಸಾನ್ ಮಜ್ದೂರ್ ಲೋಕ ಪಕ್ಷ’ ಕಟ್ಟಿ ತಾವೂ ಸ್ಪರ್ಧೆಗೆ ನಿಂತರು. ಸ್ಥಾನಗಳ ಸಂಖ್ಯೆ ಈಗ 182ಕ್ಕೆ ಏರಿತ್ತು. ಕಾಂಗ್ರೆಸ್‌ಗೆ 75, ಸಂಸ್ಥಾ ಕಾಂಗ್ರೆಸ್‌ಗೆ 56, ಜನಸಂಘಕ್ಕೆ 18, ಚಿಮನ್‌ಭಾಯಿ ಪಕ್ಷಕ್ಕೆ 12 ಸ್ಥಾನ ದೊರೆತವು. ಮಿತ್ರಪಕ್ಷಗಳು ಮತ್ತು ಬೆಂಬಲಿತ ಪಕ್ಷೇತರರನ್ನು ಕೂಡಿಸಿದರೂ ಮೋರ್ಚಾದ ಬಲ ಬಹುಮತಕ್ಕಿಂತ ಕೆಳಗೇ ನಿಂತಿತು. ಸರ್ಕಾರ ರಚಿಸಲು ಚಿಮನ್‌ಭಾಯಿ ಪಕ್ಷದ ಬೆಂಬಲ ಬೇಕಾಯಿತು. ನವನಿರ್ಮಾಣ ಯಾರನ್ನು ಕೆಳಗಿಳಿಸಿತ್ತೋ ಅವರ ಕೈಯಲ್ಲೇ ನವನಿರ್ಮಾಣದ ಫಲವಾಗಿ ಬಂದ ಸರ್ಕಾರದ ಕೀಲಿಕೈ ಸೇರಿತು. ಮೋರ್ಚಾದ ಮುಂದಿನ ಕಷ್ಟಗಳ ಬೇರು ಇಲ್ಲಿದೆ.

ಮತ ಎಣಿಕೆ ನಡೆಯುತ್ತಿದ್ದ ಜೂನ್ 12ರಂದೇ ಇಂದಿರಾ ಗಾಂಧಿಯವರ ರಾಯ್‌ಬರೇಲಿ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ಯ ಕಾರಣ ನೀಡಿ ಸಂವಿಧಾನದ 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು.

ತುರ್ತು ಪರಿಸ್ಥಿತಿಯಲ್ಲಿ ಆಡಳಿತ

ತುರ್ತು ಪರಿಸ್ಥಿತಿಯಲ್ಲಿ ಸೇನೆ ಬ್ಯಾರಕ್ಕುಗಳಲ್ಲೇ ಇತ್ತು. ವಿಚಾರಣೆಯಿಲ್ಲದೆ ಬಂಧಿಸಲು ಬಿಡುವ ಮೀಸಾ ಕಾಯ್ದೆ, ಭಾರತ ರಕ್ಷಣಾ ನಿಯಮಗಳು ಮತ್ತು ಪತ್ರಿಕಾ ಸೆನ್ಸಾರ್ ಪೊಲೀಸರು, ಅಧಿಕಾರಿಗಳ ಮೂಲಕವೇ ಜಾರಿಯಾದವು. ಹಾಗಾಗಿ ರಾಜ್ಯ ಸರ್ಕಾರ ಯಾರ ಕೈಯಲ್ಲಿದೆ ಎಂಬುದಕ್ಕೆ ಬೆಲೆಯಿತ್ತು. ಮೋರ್ಚಾ ಸರ್ಕಾರ ಕೇಂದ್ರದ ಆದೇಶಗಳನ್ನು ಬಹಿರಂಗವಾಗಿ ಧಿಕ್ಕರಿಸಲಿಲ್ಲ. ಆದರೆ ಸಭೆ, ಸಮಾವೇಶಗಳ ವಿಷಯದಲ್ಲಿ ಕೈ ಸಡಿಲ ಬಿಟ್ಟಿತು. ಡಿಎಂಕೆ ಆಡಳಿತದ ತಮಿಳುನಾಡಿನಂತೆ ಗುಜರಾತ್ ಕೂಡ ವಿರೋಧ ಪಕ್ಷದವರಿಗೆ ಉಸಿರಾಡುವ ತಾಣವಾಯಿತು. ತುರ್ತು ಪರಿಸ್ಥಿತಿಯ ನಡುವೆಯೇ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯೂ ನಡೆಯಿತು. ನಗರಗಳಲ್ಲಿ ಮೋರ್ಚಾದ ಕೈ ಮೇಲಾದರೆ, ಗ್ರಾಮಾಂತರದಲ್ಲಿ ಕಾಂಗ್ರೆಸ್ ಚೇತರಿಸಿಕೊಂಡಿತು.

1975ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ನಾಗರಿಕ ಸ್ವಾತಂತ್ರ್ಯ ಸಮ್ಮೇಳನ ನಡೆಯಿತು. ಹಿರಿಯ ನ್ಯಾಯವೇತ್ತ ಎಂ.ಸಿ. ಛಾಗ್ಲಾ, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಮೊದಲಾದವರು ಅಲ್ಲಿ ಮಾತನಾಡಿದರು. ಭಾಷಣಗಳನ್ನು ವರದಿ ಮಾಡಿದ ವಡೋದರದ ಸರ್ವೋದಯ ಪತ್ರಿಕೆ ‘ಭೂಮಿಪುತ್ರ’ದ ಮೇಲೆ ಸೆನ್ಸಾರ್ ಅಧಿಕಾರಿಗಳು ಕ್ರಮಕ್ಕೆ ಮುಂದಾದರು. ಸಂಪಾದಕ ಚುನೀಭಾಯಿ ವೈದ್ಯ ಗುಜರಾತ್ ಹೈಕೋರ್ಟಿನ ಮೊರೆಹೊಕ್ಕರು. ನ್ಯಾಯಮೂರ್ತಿಗಳಾದ ಜೆ.ಬಿ. ಮೆಹ್ತಾ ಮತ್ತು ಎಸ್.ಎಚ್. ಶೇಠ್ 1976ರಲ್ಲಿ ಸೆನ್ಸಾರ್ ಮಾರ್ಗಸೂಚಿಗಳನ್ನು ತಳ್ಳಿಹಾಕಿದರು. ಅದೇ ವರ್ಷ ಶೇಠ್ ಅವರನ್ನು ಆಂಧ್ರಪ್ರದೇಶ ಹೈಕೋರ್ಟಿಗೆ ವರ್ಗಾಯಿಸಲಾಯಿತು. ವರ್ಗಾವಣೆಯನ್ನು ಅವರು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿ, ನ್ಯಾಯಾಂಗದ ಸ್ವಾತಂತ್ರ್ಯ ಕುರಿತ ಪ್ರಮುಖ ತೀರ್ಪಿಗೆ ಕಾರಣವಾಯಿತು.

ರಾಜ್ಯಸಭೆಯಲ್ಲಿ ಗುಜರಾತಿ ಕವಿ ಉಮಾಶಂಕರ ಜೋಶಿ, ಲೋಕಸಭೆಯಲ್ಲಿ ಅಹಮದಾಬಾದಿನ ಪಕ್ಷೇತರ ಸದಸ್ಯ ಪುರುಷೋತ್ತಮ ಮಾವಳಂಕರ್ ತುರ್ತು ಪರಿಸ್ಥಿತಿಯನ್ನು ನೇರವಾಗಿ ಖಂಡಿಸಿದರು. 

ಬರೋಡಾ ಡೈನಮೈಟ್ ಪ್ರಕರಣ

ಮೋರ್ಚಾದ ಮಾರ್ಗವನ್ನು ಎಲ್ಲ ವಿರೋಧಿಗಳೂ ಒಪ್ಪಿರಲಿಲ್ಲ. 1907ರಲ್ಲಿ ಇದೇ ಗುಜರಾತಿನ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಮಂದಗಾಮಿ, ತೀವ್ರಗಾಮಿ ಎಂದು ಒಡೆದದ್ದೂ ಹೋರಾಟದ ಹಾದಿಯ ಬಗೆಗಿನ ಜಗಳದಿಂದಲೇ. ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾಗಿ ಬೇರೆ ದಾರಿ ಹಿಡಿದರು. 1976ರ ಮಾರ್ಚ್‌ನಲ್ಲಿ ವಡೋದರದಲ್ಲಿ (ಬರೋಡಾ) ಡೈನಮೈಟ್ ಪತ್ತೆಯಾಯಿತು. ಸರ್ಕಾರಿ ಆಸ್ತಿಗಳನ್ನು, ರೈಲು ಹಳಿಗಳನ್ನು ಸ್ಫೋಟಿಸುವ ಸಂಚು ಎಂದು ಸಿಬಿಐ ಆರೋಪಿಸಿತು. ಫರ್ನಾಂಡಿಸ್ ಜೂನ್ 10ರಂದು ಕಲ್ಕತ್ತಾದಲ್ಲಿ ಸೆರೆಯಾದರು. ಇದೇ ಪ್ರಕರಣದ ನೆಪದಲ್ಲಿ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಡಲಾಯಿತು. ಆಸ್ತಮಾದಿಂದ ಬಳಲಿದ ಅವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಜನತಾ ಸರ್ಕಾರ ಬಂದ ಮೇಲೆ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು.

ಪತನ ಮತ್ತು ಮುಂದಿನ ಬೆಳವಣಿಗೆ

ತಮಿಳುನಾಡಿನ ಡಿಎಂಕೆ ಸರ್ಕಾರವನ್ನು 1976ರ ಜನವರಿ 31ರಂದು ಕೇಂದ್ರ ವಜಾ ಮಾಡಿತು. ಗುಜರಾತಿನಲ್ಲಿ ಆ ಶ್ರಮವೂ ಬೇಕಾಗಲಿಲ್ಲ. ಪಕ್ಷಾಂತರಗಳಿಂದ ಮೋರ್ಚಾದ ಬಲ ಕರಗಿ, ಮಾರ್ಚ್ 12ರಂದು ಬಾಬುಭಾಯಿ ಸರ್ಕಾರ ಸದನದ ಲೆಕ್ಕಾಚಾರದಲ್ಲೇ ಬಿತ್ತು. ಮತ್ತೆ ರಾಷ್ಟ್ರಪತಿ ಆಳ್ವಿಕೆ ಬಂತು. ಡಿಸೆಂಬರ್ 24ರಂದು ಮಾಧವಸಿಂಹ ಸೋಲಂಕಿ ಕಾಂಗ್ರೆಸ್ ಸರ್ಕಾರ ರಚಿಸಿದರು.

1977ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ಗುಜರಾತಿನ 26 ಸ್ಥಾನಗಳಲ್ಲಿ 16ನ್ನು ಗೆದ್ದಿತು. ಸೂರತ್‌ನಿಂದ ಗೆದ್ದ ಮೊರಾರ್ಜಿ ಪ್ರಧಾನಿಯಾದರು. ಆದರೆ ನವನಿರ್ಮಾಣದ ತವರಾದ ಅಹಮದಾಬಾದಿನಲ್ಲಿ ಕಾಂಗ್ರೆಸ್ಸಿನ ಎಹ್ಸಾನ್ ಜಾಫ್ರಿ, ವಡೋದರದಲ್ಲಿ ಅದೇ ಪಕ್ಷದ ಫತೇಸಿಂಹರಾವ್ ಗಾಯಕವಾಡ್ ಆಯ್ಕೆಯಾದರು. ಕರ್ನಾಟಕದಲ್ಲಂತೂ 28ರಲ್ಲಿ 26 ಸ್ಥಾನ ಕಾಂಗ್ರೆಸ್ ಪಾಲಾದವು. ಬಾಬುಭಾಯಿ 1977ರ ಏಪ್ರಿಲ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾಗಿ 1980ರ ಫೆಬ್ರವರಿವರೆಗೆ ಆಡಳಿತ ನಡೆಸಿದರು.

ಸೇನಾಡಳಿತದ ಚುನಾವಣೆಗಳೊಂದಿಗೆ ಹೋಲಿಕೆ

ಸೈನಿಕ ಸರ್ಕಾರ ನಡೆಸುವ ಚುನಾವಣೆಯಲ್ಲಿ ಸ್ಪರ್ಧಿಸಬೇಕೇ, ಬಹಿಷ್ಕರಿಸಬೇಕೇ ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ವಿರೋಧ ಪಕ್ಷಗಳನ್ನು ಒಡೆದಿದೆ. ಬ್ರೆಜಿಲ್‌ನಲ್ಲಿ ಸೇನೆಯೇ ಅನುಮತಿಸಿದ್ದ ವಿರೋಧ ಪಕ್ಷ ಎಂಡಿಬಿ, 1974ರಲ್ಲಿ ಸೆನೆಟ್‌ನ 22 ಸ್ಥಾನಗಳ ಪೈಕಿ 16ನ್ನು ಗೆದ್ದು ಆಳುವವರನ್ನು ಬೆಚ್ಚಿಬೀಳಿಸಿತು. ಪಾಕಿಸ್ತಾನದಲ್ಲಿ ಜಿಯಾ ಉಲ್ ಹಕ್ 1985ರಲ್ಲಿ ನಡೆಸಿದ ಪಕ್ಷರಹಿತ ಚುನಾವಣೆಯನ್ನು ವಿರೋಧ ಪಕ್ಷಗಳ ಕೂಟ ಬಹಿಷ್ಕರಿಸಿತು. ಬಾಂಗ್ಲಾದೇಶದಲ್ಲಿ ಎರ್ಷಾದ್ ಆಡಳಿತದ 1986ರ ಚುನಾವಣೆಗೆ ಅವಾಮಿ ಲೀಗ್ ಹೋಯಿತು, ಬಿಎನ್‌ಪಿ ದೂರ ಉಳಿಯಿತು. ಮ್ಯಾನ್ಮಾರ್‌ನಲ್ಲಿ 2010ರ ಚುನಾವಣೆಯನ್ನು ಆಂಗ್ ಸಾನ್ ಸೂಕಿ ಅವರ ಪಕ್ಷ ಬಹಿಷ್ಕರಿಸಿದಾಗ, ಅದರಿಂದ ಸಿಡಿದ ಗುಂಪೊಂದು ಹೊಸ ಪಕ್ಷ ಕಟ್ಟಿ ಸ್ಪರ್ಧಿಸಿತು.

ಗುಜರಾತ್ ಈ ಸಾಲಿನಲ್ಲಿ ಒಂದು ಅಂಶದಲ್ಲಿ ಬೇರೆ. ಇಲ್ಲಿ ನಿರ್ಬಂಧಗಳು ಬಂದದ್ದು ವಿಧಾನಸಭಾ ಚುನಾವಣೆ ಮುಗಿದ ಮೇಲೆ. ಆದ್ದರಿಂದ ಸ್ಪರ್ಧಿಸುವ ಪ್ರಶ್ನೆಗಿಂತ, ಗೆದ್ದ ಅಧಿಕಾರವನ್ನು ಬಿಟ್ಟು ಜೈಲಿಗೆ ಹೋಗಬೇಕೇ, ಉಳಿಸಿಕೊಂಡು ಬಳಸಬೇಕೇ ಎಂಬ ಪ್ರಶ್ನೆ ಮೋರ್ಚಾವನ್ನು ಕಾಡಿತು.

ಮೌಲ್ಯಮಾಪನ

ಮೋರ್ಚಾ ಎರಡನೆಯದನ್ನೇ ಆರಿಸಿಕೊಂಡಿತು. ಅಹಮದಾಬಾದಿನ ಸಮ್ಮೇಳನದಂಥ ಬಹಿರಂಗ ಸಭೆಗಳಿಗೆ ಎಡೆ ಸಿಕ್ಕಿದ್ದು ಇದರ ಲಾಭ. ಬೇರೆ ಬೇರೆ ಸಿದ್ಧಾಂತದ ಪಕ್ಷಗಳು ಕೂಡಿ ಸರ್ಕಾರ ನಡೆಸಬಲ್ಲವೆಂದು ತೋರಿಸಿದ ಈ ಮೈತ್ರಿ 1977ರ ಜನತಾ ಪಕ್ಷಕ್ಕೆ ಮಾದರಿಯೂ ಆಯಿತು. ಮೋರ್ಚಾವನ್ನು ಕಟ್ಟಿದ ಪಕ್ಷಗಳೇ ಮುಂದೆ ಆ ಪಕ್ಷದಲ್ಲಿ ವಿಲೀನವಾದವು. ಇನ್ನೊಂದು ಕಡೆ, ಭ್ರಷ್ಟಾಚಾರ ವಿರೋಧದ ಅಲೆಯ ಮೇಲೆ ಬಂದ ಸರ್ಕಾರ ಮೊದಲ ದಿನದಿಂದಲೇ ಎರವಲು ಬೆಂಬಲದ ಮೇಲೆ ನಿಂತಿತ್ತು. ಕೇಂದ್ರದ ದಬ್ಬಾಳಿಕೆಯನ್ನು ಒಂಬತ್ತು ತಿಂಗಳು ತಾಳಿಕೊಂಡ ಮೋರ್ಚಾ, ತನ್ನದೇ ಸಾಲಿನ ಶಾಸಕರನ್ನು ಹಿಡಿದಿಟ್ಟುಕೊಳ್ಳಲಾರದೆ ಬಿತ್ತು.