ಟ್ಯೂಬು ಕಟ್ಟಿಕೊಂಡ ರಾತ್ರಿ

ಹೋದ ವಾರ, ಇಲ್ಲಿ ಫಾಸ್ಟರ್ ಸಿಟಿಯಲ್ಲಿ ರಾತ್ರಿ ಹನ್ನೊಂದು. ಮೈಸೂರಿನಿಂದ ಅಮ್ಮನ ಫೋನು. "ನಿಮ್ಮಪ್ಪಂಗೆ ಡಯಾಲಿಸಿಸ್‌ಗೆ ಹಾಕಿರೋ ಟ್ಯೂಬು ಮತ್ತೆ ಕಟ್ಟಿಕೊಂಡಿದೆ ಕಣೋ. ಅದೇನೋ ಯೂರೋಕೈನೇಸ್ ಅಂತೆ, ಒಳಗೆ ತುಂಬಿಸಿ ಕಾಯ್ತಾ ಇದಾರೆ."

ನಿದ್ದೆ ಎಲ್ಲಿಂದ ಬರಬೇಕು? ಅದೇನದು ಅಂತ ಓದ್ತಾ ಕೂತೆ.

ರಕ್ತಕ್ಕೂ ಪ್ಲಾಸ್ಟಿಕ್ಕಿಗೂ ಆಗಿಬರೋದಿಲ್ಲ. ಸೋಕಿದ ಕೂಡಲೇ ಪ್ರೋಟೀನು ಅಂಟಿ, ಪ್ಲೇಟ್‌ಲೆಟ್ ಸೇರಿ, ಫೈಬ್ರಿನ್ ಅನ್ನೋ ನೂಲಿನ ಬಲೆ ಹೆಣೆದುಕೊಳ್ಳುತ್ತೆ. ಆ ಬಲೆಯನ್ನು ಕತ್ತರಿಸೋ ಪ್ಲಾಸ್ಮಿನ್ ನಮ್ಮ ರಕ್ತದಲ್ಲೇ ಪ್ಲಾಸ್ಮಿನೋಜೆನ್ ಆಗಿ ಮಲಗಿರುತ್ತೆ. ಅದನ್ನು ಎಬ್ಬಿಸೋದು ಯೂರೋಕೈನೇಸ್. ಮನುಷ್ಯರ ಮೂತ್ರಕ್ಕೆ ಈ ಗುಣ ಇದೆ ಅಂತ 1947ರಲ್ಲಿ ಗೊತ್ತಾಯ್ತು (ನಗಬೇಡಿ, ಹೆಸರೂ ಅದರಿಂದಲೇ ಬಂದದ್ದು).

ಹಾಗಾದ್ರೆ ಆ ಎಂಜೈಮನ್ನು ಟ್ಯೂಬಿನ ಮೈಗೇ ಅಂಟಿಸಿಬಿಟ್ಟರೆ? 1971ರಲ್ಲಿ ಅಮೆರಿಕದ ಕುಸೆರೊ ಮತ್ತು ಸಂಗಡಿಗರು ಹೆಪಾರಿನ್, ಯೂರೋಕೈನೇಸ್ ಎರಡನ್ನೂ ಕೂಡಿಸಿದ ಮೇಲ್ಮೈಯೊಂದನ್ನು ಪ್ರಕಟಿಸಿದರು. ಹೆಪಾರಿನ್ ಹೆಪ್ಪುಗಟ್ಟದಂತೆ ತಡೀಬೇಕು, ಅದನ್ನೂ ಮೀರಿ ಕಟ್ಟಿದ್ದನ್ನು ಯೂರೋಕೈನೇಸ್ ಕರಗಿಸಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಗಾರ್ಬೇಜ್ ಕಲೆಕ್ಟರ್! 1980ರ ಹೊತ್ತಿಗೆ ಜಪಾನಿನಲ್ಲಿ ಯೂರೋಕೈನೇಸ್ ಅಂಟಿಸಿದ ಟ್ಯೂಬುಗಳನ್ನು ರೋಗಿಗಳಲ್ಲೂ ಬಳಸಿ ನೋಡಿದ್ದರು.

ಆದ್ರೆ ಎಂಜೈಮು ಮಹಾ ನಾಜೂಕು. ಸಡಿಲವಾಗಿ ಕಟ್ಟಿದ್ರೆ ರಕ್ತದ ಜೊತೆ ತೊಳೆದುಹೋಗುತ್ತೆ, ಬಿಗಿಯಾಗಿ ಕಟ್ಟಿದ್ರೆ ಆಕಾರ ಕೆಟ್ಟು ಕೆಲಸವೇ ಮಾಡಲ್ಲ. ಉಳಿದದ್ದರ ಮೇಲೂ ದಿನ ಕಳೆದ ಹಾಗೆ ಬೇರೆ ಪ್ರೋಟೀನುಗಳ ಪದರ ಕೂರುತ್ತೆ. ಅಪ್ಪನ ಟ್ಯೂಬು ಇರಬೇಕಾದದ್ದು ತಿಂಗಳುಗಟ್ಟಲೆ. ಹೆಪಾರಿನ್ ಲೇಪನ ಮಾತ್ರ ಹಾರ್ಟ್-ಲಂಗ್ ಮೆಷಿನ್ನಿನ ಟ್ಯೂಬುಗಳವರೆಗೂ ಬಂತು.

ಆಮೇಲಿನ ಕಥೆ ನಡೆದದ್ದು ಇಲ್ಲೇ, ನಮ್ಮನೆಯಿಂದ 101ರಲ್ಲಿ ಸ್ವಲ್ಪ ಉತ್ತರಕ್ಕೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಜೆನೆನ್‌ಟೆಕ್‌ನಲ್ಲಿ ಡಯಾನ್ ಪೆನ್ನಿಕಾ ಮತ್ತವರ ತಂಡ ಟಿಪಿಎ ಅನ್ನೋ ಇನ್ನೊಂದು ಕರಗಿಸೋ ಎಂಜೈಮಿನ ಜೀನನ್ನು ಕ್ಲೋನ್ ಮಾಡಿ 1983ರಲ್ಲಿ ಪ್ರಕಟಿಸಿತು. 1987ರಲ್ಲಿ ಹೃದಯಾಘಾತಕ್ಕೆ ಔಷಧಿಯಾಯ್ತು. 2001ರಲ್ಲಿ ಅದೇ ಔಷಧಿಗೆ, ಬರೀ 2 ಮಿಲಿಗ್ರಾಂ ಡೋಸಿನಲ್ಲಿ, ಕಟ್ಟಿಕೊಂಡ ಕ್ಯಾಥೆಟರ್ ಬಿಡಿಸೋದಕ್ಕೂ ಅನುಮತಿ ಸಿಕ್ಕಿತು. ಅಂಟಿಸೋ ಗೋಜೇ ಇಲ್ಲ. ತುಂಬಿಸು, ಅರ್ಧ ಗಂಟೆ ಕಾಯಿ, ಎಳೆದು ನೋಡು, ಬರದಿದ್ರೆ ಇನ್ನೂ ಕಾಯಿ. ಇಂಜಿನಿಯರನಾಗಿ ನಂಗೆ ಕುಸೆರೊ ದಾರಿಯೇ ಇಷ್ಟ, ನಿಜ ಹೇಳ್ತೀನಿ. ಸಮಸ್ಯೆ ಆದ್ಮೇಲೆ ರೀಸ್ಟಾರ್ಟ್ ಮಾಡೋದೂ ಒಂದು ಪರಿಹಾರವಾ? ಆದ್ರೆ ಆವತ್ತು ರಾತ್ರಿ ನನಗೆ ಬೇಕಿದ್ದದ್ದು ಆ ರೀಸ್ಟಾರ್ಟೇ.

ಒಂದೂವರೆಗೆ ಮತ್ತೆ ಫೋನು. "ಹರೀತಾ ಇದೆಯಂತೆ. ಮೆಷಿನ್ನಿಗೆ ಹಾಕಿದ್ರು. ನೀನಿನ್ನೂ ಮಲಗಿಲ್ವಾ?"