ಬೆಂಗಳೂರು–ಮಂಗಳೂರು ಪ್ರಯಾಣ: ಮೂರು ವಾಹನಗಳ ಆಯ್ಕೆಯ ಚರಿತ್ರೆ

ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವವನು ಇಂದು ಬಸ್ಸು, ರೈಲು, ವಿಮಾನ ಎಂಬ ಮೂರು ಸಾಧನಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹಣವೆಷ್ಟು, ಹೊತ್ತೆಷ್ಟು, ಸೌಕರ್ಯವೆಂತಹುದು ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಆಯ್ಕೆ ಮುಗಿಯಿತೆಂದು ಅವನು ಭಾವಿಸುತ್ತಾನೆ. ಅರ್ಥಶಾಸ್ತ್ರಜ್ಞನಿಗೆ ಇಷ್ಟು ಸಾಕಾದೀತು. ಚರಿತ್ರಕಾರನಿಗೆ ಮಾತ್ರ ಅದಕ್ಕೂ ಹಿಂದಿನ ಪ್ರಶ್ನೆಯೊಂದು ಉಳಿಯುತ್ತದೆ: ಈ ಮೂರು ಸಾಧನಗಳು ಪ್ರಯಾಣಿಕನ ಮುಂದೆ ಯಾವಾಗ, ಯಾವ ಕಾರಣದಿಂದ ಬಂದು ನಿಂತವು? ಎರಡು ಊರುಗಳ ನಡುವಣ ರಸ್ತೆಯ ದೂರ ಸುಮಾರು 350 ಕಿಲೋಮೀಟರು. ಮಂಗಳೂರಿನ ಬಜಪೆಯಲ್ಲಿ ವಿಮಾನ ನಿಲ್ದಾಣ ತೆರೆದುದು 1951ರಲ್ಲಿ. ಘಟ್ಟವನ್ನು ಇಳಿದು ರೈಲು ಮಂಗಳೂರನ್ನು ಮುಟ್ಟಿದುದು 1979ರಲ್ಲಿ. ನೆಲದ ಮೇಲಿನ ಕಬ್ಬಿಣದ ಹಾದಿಗಿಂತ ಆಕಾಶದ ಹಾದಿ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಮೊದಲು ಬಂದಿತೆಂಬುದು ಸಾಮಾನ್ಯ ಕ್ರಮವಲ್ಲ. ಈ ವಿಪರ್ಯಾಸದ ಕಾರಣವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾರಣವೇನೆಂದು ಕೇಳಿದರೆ ಬರುವ ಉತ್ತರ ಒಂದೇ: ಪಶ್ಚಿಮ ಘಟ್ಟ. ಕಡಿದಾದ ಇಳಿಜಾರು, ದಟ್ಟವಾದ ಕಾಡು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಇವುಗಳನ್ನು ಭೇದಿಸುವುದು ಆಗಿನ ಶಿಲ್ಪಿಗಳಿಗೆ ಸಾಧ್ಯವಿರಲಿಲ್ಲವೆಂದು ಹೇಳುವುದು ವಾಡಿಕೆ. ನಿಸರ್ಗವನ್ನು ಹೊಣೆ ಮಾಡುವ ಈ ವಾದ ಕೇಳಲು ಹಿತವಾಗಿದೆ, ಏಕೆಂದರೆ ಅದು ಮನುಷ್ಯರಾರನ್ನೂ ಪ್ರಶ್ನಿಸುವುದಿಲ್ಲ. ಆದರೆ ಇದೇ ಸಹ್ಯಾದ್ರಿ ಶ್ರೇಣಿಯನ್ನು ಬೊಂಬಾಯಿ–ಪುಣೆಗಳ ನಡುವಣ ಭೋರ್ ಘಾಟಿನಲ್ಲಿ ರೈಲು 1863ರಷ್ಟು ಹಿಂದೆಯೇ ದಾಟಿದ್ದಿತು. ಕ್ಯಾಸಲ್‌ರಾಕಿನಿಂದ ಗೋವೆಯ ಮರ್ಮಗೋವಾ ಬಂದರಿಗೆ ಇಳಿಯುವ ಹಾದಿ 1888ರ ವೇಳೆಗೆ ಸಿದ್ಧವಾಗಿದ್ದಿತು. ಅಲ್ಲಿನ ಕಾಡು ಶಿರಾಡಿಯ ಕಾಡಿಗಿಂತ ಸೌಮ್ಯವೇನಲ್ಲ, ಮಳೆಯೂ ಕಡಮೆಯದಲ್ಲ. ನೀಲಗಿರಿಯಲ್ಲಿ ಮೆಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿ ಹಲ್ಲುಕಂಬಿಯ ರೈಲು ಹತ್ತಿತು. ಹೀಗಿರಲು ಘಟ್ಟವು ಅಡ್ಡಿಯಾಗಿದ್ದಿತೆಂಬುದು ನಿಜವಾದರೂ, ಅಡ್ಡಿಯನ್ನು ದಾಟಬೇಕೆಂಬ ಇಚ್ಛೆ ಯಾರಿಗಿದ್ದಿತು, ಯಾರಿಗಿರಲಿಲ್ಲ ಎಂಬುದೇ ನಿರ್ಣಾಯಕವಾದ ವಿಷಯವೆಂದು ನಮಗೆ ತೋರುತ್ತದೆ.

ಎರಡೂ ಊರುಗಳು ಆಗ ಯಾವ ಕಡೆಗೆ ಮುಖ ಮಾಡಿದ್ದುವೆಂಬುದನ್ನು ಗಮನಿಸಬೇಕು. ಬೆಂಗಳೂರಿನ ದಂಡುಪ್ರದೇಶಕ್ಕೆ 1864ರಲ್ಲಿ ರೈಲು ಬಂದುದು ಜೋಲಾರಪೇಟೆಯಿಂದ, ಅಂದರೆ ಮದರಾಸಿನ ದಿಕ್ಕಿನಿಂದ. ಮಂಗಳೂರಿಗೆ 1907ರಲ್ಲಿ ರೈಲು ಬಂದುದು ಮಲಬಾರಿನ ಕಡೆಯಿಂದ. ಅದರ ಗುರಿಯೂ ಶೋರನೂರು, ಪಾಲಘಾಟುಗಳ ಮೂಲಕ ಮದರಾಸೇ ಆಗಿದ್ದಿತು. ದಕ್ಷಿಣ ಕನ್ನಡವು ಮದರಾಸು ಪ್ರಾಂತದ ಒಂದು ಜಿಲ್ಲೆ. ಬೆಂಗಳೂರು ಮೈಸೂರು ಸಂಸ್ಥಾನದ ನಗರ. ಘಟ್ಟದ ನೆತ್ತಿಯ ಮೇಲೆ ಎರಡು ಸರಕಾರಗಳ ಗಡಿ ಹಾದುಹೋಗಿದ್ದಿತು. ತನ್ನ ಜಿಲ್ಲೆಯ ಬಂದರಿಗೆ ಪರರ ಸಂಸ್ಥಾನದ ಸರಕು ಬಂದು ಸೇರಲೆಂದು ಮದರಾಸು ಸರಕಾರ ಆತುರಪಡಬೇಕಾದ ಕಾರಣವಿರಲಿಲ್ಲ. ಮೈಸೂರಿಗೆ ಸಮುದ್ರವೇ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ (1912–1918) ಕಾಲದಲ್ಲಿ ಸಂಸ್ಥಾನಕ್ಕೊಂದು ಬಂದರು ಬೇಕೆಂಬ ವಿಚಾರ ಬಲವಾದಾಗ ಅದರ ದೃಷ್ಟಿ ಹರಿದುದು ಮಂಗಳೂರಿನ ಕಡೆಗಲ್ಲ, ಭಟ್ಕಳದ ಕಡೆಗೆ. ಆ ಭಟ್ಕಳವಾದರೋ 1862ರಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿದ್ದಿತು. ಒಂದೇ ಭಾಷೆಯ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋದುದರ ಫಲ ಶಾಲೆ, ಕಚೇರಿಗಳಲ್ಲಿ ಕಂಡಂತೆ ರೈಲು ಹಾದಿಯ ನಕ್ಷೆಯಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ.

ಇದರ ಪರಿಣಾಮವಾಗಿ ವಿಚಿತ್ರವಾದ ಸ್ಥಿತಿಯೊಂದು ಒದಗಿತು. ಎರಡೂ ಊರುಗಳಿಗೆ ರೈಲುಂಟು, ಎರಡು ರೈಲುಗಳೂ ಒಂದೆಡೆ ಕೂಡುವುದೂ ಉಂಟು. ಆದರೆ ಕೂಡುವ ತಾಣ ಜೋಲಾರಪೇಟೆ! ರೈಲಿನಲ್ಲಿಯೇ ಹೋಗುವೆನೆಂದು ಹಟ ಹಿಡಿದ ಮಂಗಳೂರಿಗನು ನೇತ್ರಾವತಿಯ ಸೇತುವೆಯನ್ನು ದಾಟಿ ತೆಂಕಲಿಗೆ ಹೊರಟು, ಕಣ್ಣಾನೂರು, ಕಲ್ಲಿಕೋಟೆ, ಶೋರನೂರು, ಪಾಲಘಾಟು, ಈರೋಡು, ಸೇಲಂಗಳನ್ನು ಸುತ್ತಿ, ಎಂಟು ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ ಸವೆಸಿ ಬೆಂಗಳೂರನ್ನು ಸೇರಬೇಕಾಗಿದ್ದಿತು. ಮನೆಯ ಮುಂಬಾಗಿಲಿನಿಂದ ಹಿತ್ತಿಲಿಗೆ ಹೋಗಲು ಊರ ಪ್ರದಕ್ಷಿಣೆ ಮಾಡಿದಂತೆ.

ಆದುದರಿಂದ ಈ ಎರಡು ನಗರಗಳನ್ನು ಕೂಡಿಸಿದುದು ರಸ್ತೆ. ಘಟ್ಟದ ಹಾದಿಗಳು ಹಳೆಯವು. ಹೇರೆತ್ತುಗಳ ಬೆನ್ನಿನ ಮೇಲೆ ಕರಾವಳಿಯ ಉಪ್ಪು ಮೇಲಕ್ಕೂ ಮಲೆನಾಡಿನ ಬೆಳೆ ಕೆಳಕ್ಕೂ ಸಾಗುತ್ತಿದ್ದ ಕಾಲ ಬಹಳ ಹಿಂದಿನದು. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ ಈ ದಾರಿಯ ಕಾವಲಿಗೆ ನಿಂತ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ದಾರಿಗಳು ಬಂಡಿ ಹೋಗುವಷ್ಟು ಅಗಲವಾದುದಕ್ಕೆ ಮುಖ್ಯ ಕಾರಣ ಕಾಫಿ. ಮಂಜರಾಬಾದು, ಕೊಡಗುಗಳ ಕಾಫಿ ಮಂಗಳೂರಿಗೆ ಇಳಿದು, ಅಲ್ಲಿ ಹದಗೊಂಡು ಹಡಗನ್ನೇರುತ್ತಿದ್ದಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚಿಗೂ ಮುಖ್ಯ ಹಾದಿ ಸಮುದ್ರವೇ. ದಾರಿಗಳು ಮೊದಲು ಸರಕಿಗಾಗಿ ಆದುವು; ಮನುಷ್ಯರು ಅವುಗಳಲ್ಲಿ ನಡೆದುದು ಆನುಷಂಗಿಕ.

ಈ ರಸ್ತೆಗಳ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಸ್ಸು ಬಂದಿತು. ಕರಾವಳಿಯಲ್ಲಿ ಬಸ್ಸು ಬೆಳೆದುದು ಖಾಸಗಿ ಕಂಪೆನಿಗಳ ಕೈಯಲ್ಲಿ. ಘಟ್ಟದ ಮೇಲೆ ಮೈಸೂರು ಸರಕಾರವು 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿತು; ಅದು 1961ರಲ್ಲಿ ನಿಗಮವಾಗಿ, 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವೆನಿಸಿತು. ಶಿರಾಡಿ, ಚಾರ್ಮಾಡಿ, ಮಡಿಕೇರಿಯಿಂದಿಳಿಯುವ ಸಂಪಾಜೆ, ಈ ಮೂರು ಘಟ್ಟಗಳು ಬಸ್ಸಿನ ಹಾದಿಗಳು. ಒಂದು ಕುಸಿದರೆ ಮತ್ತೊಂದುಂಟು ಎಂಬುದೇ ರಸ್ತೆಗೆ ರೈಲಿನ ಮೇಲಿದ್ದ ಹಿರಿಮೆ. ಮುಂದೆ ರೈಲು ಬಂದ ಮೇಲೂ ಈ ಹಿರಿಮೆ ಅಳಿಯಲಿಲ್ಲ.

ಈ ಚರಿತ್ರೆಯ ತಿರುವು 1956ರ ನವೆಂಬರ್ 1. ರಾಜ್ಯ ಪುನರ್ವಿಂಗಡಣೆಯಿಂದ ದಕ್ಷಿಣ ಕನ್ನಡವು ವಿಶಾಲ ಮೈಸೂರಿಗೆ ಸೇರಿತು. ಸಂತೋಷದ ಸಂಗತಿಯೇ, ಆದರೆ ಅದರ ಮರುಬೆಳಗ್ಗೆ ಮಂಗಳೂರಿನ ಪ್ರಯಾಣಿಕನಿಗೆ ಏನಾಯಿತೆಂಬುದನ್ನು ಏಕೀಕರಣದ ಇತಿಹಾಸಗಳು ಅಷ್ಟಾಗಿ ಹೇಳುವುದಿಲ್ಲ. ಅದುವರೆಗೆ ಅವನ ಉಚ್ಚ ನ್ಯಾಯಾಲಯ ಮದರಾಸಿನಲ್ಲಿದ್ದಿತು. ಹಾದಿ 900 ಕಿಲೋಮೀಟರಿಗೆ ಸಮೀಪವಾದರೂ ಊರಿನಲ್ಲಿ ಹತ್ತಿದ ರೈಲು ಅವನನ್ನು ಅಲ್ಲಿಗೆ ಮುಟ್ಟಿಸುತ್ತಿದ್ದಿತು. ಈಗ ನ್ಯಾಯಾಲಯ ಬೆಂಗಳೂರಿಗೆ ಬಂದಿತು, ದೂರ ಅರ್ಧಕ್ಕಿಂತಲೂ ಕಡಮೆಯಾಯಿತು, ಆದರೆ ರೈಲಿಲ್ಲ. ಕಾಗದದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡ ಕಕ್ಷಿದಾರನು ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಂಬಿಯನ್ನು ಹಿಡಿದು ಕುಳಿತುಕೊಳ್ಳಬೇಕಾಯಿತು. ಕಾಲೇಜುಗಳ ಪಾಡೂ ಇದೇ. ಮದರಾಸು ವಿಶ್ವವಿದ್ಯಾನಿಲಯದೊಡನೆ ಇದ್ದ ಸಂಬಂಧ ಕಳಚಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೇಲೆ ಪರೀಕ್ಷೆಯ ಕೆಲಸಕ್ಕಾಗಲಿ ಸಭೆಗಳಿಗಾಗಲಿ ಅಧ್ಯಾಪಕರು ಘಟ್ಟ ಹತ್ತಬೇಕಾಯಿತು. 1980ರಲ್ಲಿ ಮಂಗಳೂರಿಗೇ ವಿಶ್ವವಿದ್ಯಾನಿಲಯ ಬರುವವರೆಗೆ ಇದು ನಡೆಯಿತು. ಕಾಸರಗೋಡು ಕೇರಳಕ್ಕೆ ಸೇರಿದುದರಿಂದ ಮಂಗಳೂರಿನ ಏಕೈಕ ರೈಲು ಹಾದಿ ಊರು ಬಿಟ್ಟ ಸ್ವಲ್ಪ ದೂರದಲ್ಲಿಯೇ ಹೊರರಾಜ್ಯವನ್ನು ಹೊಗುತ್ತಿದ್ದಿತು. ರಾಜ್ಯದ ನಕ್ಷೆ ಒಂದು ದಿನದಲ್ಲಿ ಬದಲಾಯಿತು. ಹಾದಿಯ ನಕ್ಷೆ ಬದಲಾಗಲು ಇನ್ನೂ ಇಪ್ಪತ್ಮೂರು ವರ್ಷ ಬೇಕಾಯಿತು.

ಈ ಅವಧಿಯಲ್ಲಿ ವಿಮಾನವಿದ್ದಿತಲ್ಲ ಎಂದು ಕೇಳಬಹುದು. ಬಜಪೆಯ ನಿಲ್ದಾಣದಲ್ಲಿ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. ಆದರೆ ಒಂದು ಬಸ್ಸಿನಷ್ಟು ಜನರನ್ನೂ ಹೊರಲಾರದ ಆ ವಿಮಾನ ಉದ್ಯಮಿಗಳ, ಅಧಿಕಾರಿಗಳ, ವೈದ್ಯರ ವಾಹನವಾಗಿದ್ದಿತೇ ಹೊರತು ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯಲು ಹೊರಟ ಉಡುಪಿಯ ಕಡೆಯ ಹುಡುಗನದಲ್ಲ. ಇದ್ದೂ ಕೈಗೆಟಕದ ಸಾಧನವನ್ನು ಆಯ್ಕೆಯೆಂದು ಎಣಿಸುವುದು ಲೆಕ್ಕದ ಸರಿ, ಚರಿತ್ರೆಯ ತಪ್ಪು. ಆ ಹುಡುಗನಿಗಿದ್ದ ಸಾಧನ ರಾತ್ರಿಯ ಬಸ್ಸು. ಸಂಜೆ ಹತ್ತಿ, ಬೆಳಗಾಗುವಾಗ ಇಳಿದು, ಒಂದು ದಿನದ ಕೂಲಿಯನ್ನೂ ಕಳೆಯದೆ ಕೆಲಸಕ್ಕೆ ನಿಲ್ಲಬಹುದಾದ ಅನುಕೂಲ ಅದರಲ್ಲಿದ್ದಿತು. ರಾತ್ರಿ ಬಸ್ಸಿನ ರೂಢಿ ಈ ಎರಡು ಊರುಗಳ ನಡುವೆ ಇಷ್ಟು ಆಳವಾಗಿ ಬೇರೂರಿದುದಕ್ಕೆ ಜನರ ಅಭಿರುಚಿಯನ್ನು ಕಾರಣವಾಗಿ ಹೇಳುವವರಿದ್ದಾರೆ. ರೈಲಿಲ್ಲದ ದಶಕಗಳು ಆ ಅಭಿರುಚಿಯನ್ನು ರೂಪಿಸಿದುವೆಂಬುದು ನಮ್ಮ ಅಭಿಪ್ರಾಯ.

ಹಾಸನ–ಮಂಗಳೂರು ರೈಲು ಹಾದಿಯ ಕೆಲಸ 1960ರ ದಶಕದಲ್ಲಿ ಮೊದಲಾಯಿತು. ಅದಕ್ಕೆ ಒತ್ತಾಸೆಯಾದುದು ಮತ್ತೆ ಸರಕೇ: ಪಣಂಬೂರಿನಲ್ಲಿ ನಿರ್ಮಾಣವಾಗುತ್ತಿದ್ದ ನವಮಂಗಳೂರು ಬಂದರು. ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳಲ್ಲಿ ಒಂದೆನಿಸಿತು. ರೈಲು ಹಾದಿ 1979ರಲ್ಲಿ ಪೂರ್ಣಗೊಂಡಿತು. ಒಟ್ಟು 189 ಕಿಲೋಮೀಟರುಗಳಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರು ಕಠಿನವಾದುದು: 57 ಸುರಂಗಗಳು, 109 ಸೇತುವೆಗಳು, ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಯುವ ಇಳಿಜಾರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ಇಲ್ಲಿನ ನಿಲ್ದಾಣಗಳು ಊರಿಗಾಗಿ ಆದುವಲ್ಲ. ರೈಲುಗಳು ಒಂದನ್ನೊಂದು ದಾಟಲು, ಇಳಿಯುವ ಗಾಡಿಯ ಬಿರಿಯನ್ನು ಪರೀಕ್ಷಿಸಲು ಕಾಡಿನ ನಡುವೆ ಬೇಕಾದುವು. ಎಡಕುಮೇರಿಗೆ ಹೋಗಲು ಬಹುಕಾಲ ರೈಲಲ್ಲದೆ ನೆಟ್ಟನೆಯ ದಾರಿಯೇ ಇರಲಿಲ್ಲ. ಇಳಿಜಾರಿನಲ್ಲಿ ರೈಲು ಮೆಲ್ಲಗೆ ಸಾಗಲೇಬೇಕು. ಆದುದರಿಂದ ಬಂದಂದಿನಿಂದಲೂ ರೈಲು ವೇಗದಲ್ಲಿ ಬಸ್ಸನ್ನು ಮೀರಿಸಲಿಲ್ಲ. ಅಗ್ಗದಲ್ಲಿ, ಕಾಲು ಚಾಚಿ ಮಲಗುವ ಸುಖದಲ್ಲಿ ಮಾತ್ರ ಮೀರಿಸಿತು.

ಆ ಸುಖವೂ ಹೆಚ್ಚು ಕಾಲ ಬಾಳಲಿಲ್ಲ. ಹಾದಿಯನ್ನು ಕಟ್ಟಿದುದು ಮೀಟರ್ ಗೇಜಿನಲ್ಲಿ. ಸುತ್ತಲಿನ ಹಾದಿಗಳು ಬ್ರಾಡ್ ಗೇಜಿಗೆ ಮಾರ್ಪಡುತ್ತಿದ್ದುದರಿಂದ ಹದಿನೇಳು ವರ್ಷ ಕಳೆಯುವಷ್ಟರಲ್ಲಿ, 1996ರಲ್ಲಿ, ಪರಿವರ್ತನೆಗಾಗಿ ಅದನ್ನು ಮುಚ್ಚಬೇಕಾಯಿತು. ಕೆಲಸ ನಿಧಾನವಾಯಿತು, 2003ರಲ್ಲಿ ರಾಜ್ಯ ಸರಕಾರವೂ ರೈಲ್ವೆ ಇಲಾಖೆಯೂ ಸೇರಿ ಇದಕ್ಕಾಗಿಯೇ ಕಂಪೆನಿಯೊಂದನ್ನು ಸ್ಥಾಪಿಸಬೇಕಾಯಿತು. ಸರಕಿನ ಗಾಡಿಗಳು 2006ರಲ್ಲಿಯೂ ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿಯೂ ಆರಂಭವಾದುವು. ಇಲ್ಲಿಯೂ ಸರಕು ಮೊದಲು, ಮನುಷ್ಯ ಆಮೇಲೆ. ನಡುವಣ ಹನ್ನೊಂದು ವರ್ಷಗಳು ಸಣ್ಣ ಅವಧಿಯಲ್ಲ. ಬೆಂಗಳೂರಿನಲ್ಲಿ ಗಣಕಯಂತ್ರ ಸಂಬಂಧವಾದ ಉದ್ಯಮಗಳು ಬೆಳೆದು ಕರಾವಳಿಯ ಯುವಕ ಯುವತಿಯರು ಗುಂಪುಗುಂಪಾಗಿ ಅಲ್ಲಿಗೆ ಹೋದುದು ಇದೇ ಕಾಲದಲ್ಲಿ. ಅವರೆಲ್ಲರನ್ನೂ ಹೊತ್ತುದು ಬಸ್ಸು. ಮಲಗಿ ಹೋಗುವ ಬಸ್ಸುಗಳೂ ನಿಗಮದ ‘ಐರಾವತ’ದಂತಹ ಸುಖಾಸನದ ಬಸ್ಸುಗಳೂ ಬೇಡಿಕೆ ಕಂಡುಕೊಂಡುವು. ರೈಲು ಮರಳಿ ಬಂದಾಗ ಆ ಸ್ಥಾನ ಖಾಲಿಯಿರಲಿಲ್ಲ. ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ನೇರವಾದ ಹಾದಿ 2017ರಲ್ಲಿ ತೆರೆದ ಮೇಲೆ ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತುವ ಅಗತ್ಯ ತಪ್ಪಿತು. ಘಟ್ಟದ ಮಂದಗತಿ ತಪ್ಪಲಿಲ್ಲ. ಅಧಿಕಾರಿಗಳು 2021ರಲ್ಲಿ ಅದೇ ಮಂದಗತಿಯನ್ನು ಗುಣವಾಗಿ ಪರಿವರ್ತಿಸಿ, ದೊಡ್ಡ ಗಾಜಿನ ಕಿಟಕಿಗಳ ಗಾಡಿಗಳನ್ನು ಹಗಲಿನ ರೈಲಿಗೆ ಜೋಡಿಸಿದರು.

ವಿಮಾನದ ವಿಷಯದಲ್ಲಿ ಎರಡು ಮಾತು ಸಾಕು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ರಚಿಸಿದ ಬಜಪೆಯ ನಿಲ್ದಾಣದಲ್ಲಿ ಹೊಸದಾದ, ಉದ್ದವಾದ ಓಡುದಾರಿ 2006ರಲ್ಲಿ ಬಳಕೆಗೆ ಬಂದಿತು. ಅಂತಹ ತಾಣದ ಅಪಾಯವೇನೆಂಬುದು 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಮಡಿದಾಗ ದೇಶಕ್ಕೆಲ್ಲ ತಿಳಿಯಿತು. ಬೆಂಗಳೂರಿನ ಕಡೆಯಲ್ಲಿ 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಗಳು ನಗರದೊಳಗಿನ ಹಳೆಯ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದುವು. ಆಕಾಶದಲ್ಲಿ ಒಂದು ಗಂಟೆಯ ಹಾದಿ. ಆದರೆ ಮನೆಯಿಂದ ದೇವನಹಳ್ಳಿಗೆ, ತಪಾಸಣೆಗೆ, ಬಜಪೆಯಿಂದ ಮಂಗಳೂರಿನ ಮನೆಗೆ ಹಿಡಿಯುವ ಹೊತ್ತನ್ನು ಕೂಡಿಸಿದರೆ ಅರ್ಧ ಹಗಲು ಕಳೆಯುತ್ತದೆ. ರಾತ್ರಿ ಬಸ್ಸಿನ ಪ್ರಯಾಣಿಕನು ಕಳೆದುಕೊಳ್ಳುವುದು ನಿದ್ದೆಯನ್ನು. ವಿಮಾನದವನು ಕಳೆದುಕೊಳ್ಳುವುದು ಹಗಲನ್ನು.

ಇಷ್ಟಾದ ಮೇಲೂ ಆಯ್ಕೆಯು ವರ್ಷದ ಎಲ್ಲ ತಿಂಗಳುಗಳಲ್ಲಿ ಒಂದೇ ಬಗೆಯಾಗಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜರಿದು ಸಂಪಾಜೆಯ ದಾರಿ ಕಡಿದುಹೋಯಿತು. ಶಿರಾಡಿಯೂ ಮುಚ್ಚಿತು, ರೈಲು ಹಾದಿಯೂ ಮಣ್ಣಿನಡಿಯಾಯಿತು. ಚಾರ್ಮಾಡಿಯೊಂದರ ಮೇಲೆಯೇ ಎಲ್ಲ ಭಾರವೂ ಬಿದ್ದಿತು. ಮರುವರ್ಷ ಚಾರ್ಮಾಡಿಯ ಸರದಿ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ರೈಲು ಹಾದಿಯ ಕೆಳಗಿನ ಮಣ್ಣೇ ಜಾರಿತು. ರೈಲುಗಳನ್ನು ನಿಲ್ಲಿಸಲಾಯಿತು, ಕಾದಿರಿಸಿದ ಸ್ಥಳವಿದ್ದವರು ಬಸ್ಸಿನ ನಿಲ್ದಾಣಗಳಿಗೆ ಧಾವಿಸಿದರು. ಆ ತಿಂಗಳು ಮುಗಿಯುವ ಮೊದಲೇ ಸಕಲೇಶಪುರದ ಬಳಿ ಶಿರಾಡಿಯ ರಸ್ತೆಯ ಮೇಲೂ ಗುಡ್ಡ ಕುಸಿದು ವಾಹನಗಳು ಸಾಲಾಗಿ ನಿಂತುವು. ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಬಜಪೆಗೆ ಬಂದ ವಿಮಾನ ಇಳಿಯಲಾರದೆ ಬೇರೆ ನಿಲ್ದಾಣಕ್ಕೆ ತಿರುಗುವುದೂ ಅಪರೂಪವಲ್ಲ. ಅಂತಹ ದಿನಗಳಲ್ಲಿ ಮಂಗಳೂರಿನ ರೈಲು ನಿಲ್ದಾಣದಿಂದ ಅಡೆತಡೆಯಿಲ್ಲದೆ ಹೊರಡುವುದು 1907ರ ಹಳೆಯ ಹಾದಿಯ ಗಾಡಿ, ತೆಂಕಲಿಗೆ, ಜೋಲಾರಪೇಟೆಯ ದಿಕ್ಕಿಗೆ.