ಜಾತ್ರೆಯ ಪಟ, ಓಟಿನ ಚೀಟಿಯ ಪಟ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹಳೆ ಮನೆಗಳ ಚಾವಡಿಯಲ್ಲಿ ಎರಡು ಬಗೆಯ ಪಟಗಳು ಕಣ್ಣಿಗೆ ಬೀಳುತ್ತವೆ. ಫೋಟೋಕ್ಕೆ ನಮ್ಮ ಹಿರಿಯರು ಹೇಳುವುದು ಪಟ ಎಂದೇ. ಒಂದು, ಮದುವೆಯ ಹೊಸತರಲ್ಲಿ ತೆಗೆಸಿದ್ದು: ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು, ಹಿಂದೆ ಪರದೆಯ ಮೇಲೆ ಬರೆದ ತೋಟವೋ ಕೊಳವೋ. ಇನ್ನೊಂದು ಮಾಲೆ ಹಾಕಿದ್ದು, ಓಟಿನ ಗುರುತುಚೀಟಿಯಿಂದ ದೊಡ್ಡದು ಮಾಡಿಸಿದ್ದು. ಇವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಜನರ ಗದ್ದಲದ ನಡುವೆ.

ಕ್ಯಾಮೆರಾ ಮೊದಲು ನಮ್ಮ ದೇಶದ ಸಾಮಾನ್ಯರ ಮುಖ ಹುಡುಕಿಕೊಂಡು ಬಂದಾಗ ಪಟ ಅವರಿಗಾಗಿ ಇರಲಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ'ದ ಎಂಟು ಸಂಪುಟಗಳಲ್ಲಿ ಜನರನ್ನು ಜಾತಿ, ಬುಡಕಟ್ಟಿನ ಮಾದರಿಗಳಾಗಿ ಜೋಡಿಸಿಟ್ಟರು. ನಮ್ಮ ಕರಾವಳಿ ಆಗ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕೆನರಾ ಜಿಲ್ಲೆ. ಮದ್ರಾಸಿನ ಸರ್ಕಾರಿ ಮ್ಯೂಸಿಯಂ ನೋಡಿಕೊಂಡಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದರು. ಮೂಗು, ತಲೆ ಅಳೆಯುವ ಉಪಕರಣವನ್ನೂ ಜೊತೆಗಿಟ್ಟುಕೊಂಡಿದ್ದ ಮನುಷ್ಯ. ಆ ಸಂಪುಟಗಳಲ್ಲಿ ಪಟಗಳಿವೆ; ಕೆಳಗೆ ಸಾಮಾನ್ಯವಾಗಿ ಜಾತಿಯ ಹೆಸರಿದೆ, ನಿಂತವರ ಹೆಸರಿಲ್ಲ.

ಜಾತ್ರೆಯ ಪಟದಂಗಡಿ ಈ ಲೆಕ್ಕವನ್ನೇ ತಿರುಗಿಸಿತು. ಕೋಟೇಶ್ವರದ ಕೋಟಿಲಿಂಗೇಶ್ವರ ದೇವಸ್ಥಾನದ ಕೊಡಿ ಹಬ್ಬ ಗೊತ್ತಿಲ್ಲದವರು ನಮ್ಮಲ್ಲಿ ಯಾರು? ಹೊಸದಾಗಿ ಮದುವೆಯಾದವರು ತೇರು ನೋಡಿ, ಕಬ್ಬಿನ ಕೊಡಿ ಹಿಡಿದು ಮನೆಗೆ ಮರಳುವ ಹಬ್ಬ ಅದು. ಇಂಥ ಜಾತ್ರೆಯಲ್ಲಿ ಬಳೆ, ಮಿಠಾಯಿ, ತೊಟ್ಟಿಲ ಸಾಲಿನಲ್ಲೇ ಪಟದಂಗಡಿಗೂ ಜಾಗ. ಒಂದು ಪರದೆ, ಒಂದು ಕುರ್ಚಿ, ಕನ್ನಡಿ, ಬಾಚಣಿಗೆ, ಪೌಡರು. ಹಗಲ ಬೆಳಕು ಬೇಕಾದಾಗ ಎದುರು ಭಾಗ ತೆರೆದೇ ಇರಬೇಕು. ಹೊರಗೆ ಕಾದವರಿಗೆ ಅದೇ ಒಂದು ಆಟ. ಗಂಡು ಹತ್ತಿರ ಸರಿದರೆ ನಗು, ಹೆಣ್ಣು ತಲೆ ತಗ್ಗಿಸಿದರೆ ಇನ್ನೂ ನಗು.

ಆ ಕಾಲದ 120 ನಂಬರಿನ ರೋಲಿನಲ್ಲಿ ಚೌಕಾಕಾರದ ಪಟ ಬರುವುದು ಹನ್ನೆರಡೇ. ಒಂದು ಹಾಳಾದರೆ ಕಾಸು ಹೋಯಿತು. ಹಾಗಾಗಿ ಪಟದವನು ಮಾತಾಡಿಸಲೇಬೇಕು, ಗದ್ದ ಎತ್ತಿಸಬೇಕು, ಉಸಿರು ಹಿಡಿಯಲು ಹೇಳಬೇಕು. 'ಪಟ ತೆಗೆಸಿದರೆ ಆಯುಷ್ಯ ಕಮ್ಮಿ' ಎನ್ನುವ ಹೆದರಿಕೆ ಇದ್ದವರು ಒಳಗೇ ಬರುತ್ತಿರಲಿಲ್ಲ, ಬಲವಂತವೂ ಇಲ್ಲ. ಒಪ್ಪಿಗೆ ಎಂಬ ದೊಡ್ಡ ಮಾತು ಅಲ್ಲಿ ಯಾರೂ ಆಡಿರಲಿಕ್ಕಿಲ್ಲ. ಆದರೆ ದುಡ್ಡು ಕೊಟ್ಟವರು ಪಟದಲ್ಲಿದ್ದವರೇ, ಮನೆಗೆ ಒಯ್ದವರೂ ಅವರೇ.

ಒಳಗೆ ಬಾರದವರ ಮುಖ ಸಿಕ್ಕಿದ್ದು ಆಮೇಲೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವಿರುವ ಮತದಾರರ ಗುರುತುಚೀಟಿಗೆ ಆದೇಶವಾಯಿತು. ಆಮೇಲೆ ಊರೂರಿನಲ್ಲಿ ಪಟಕ್ಕೆ ಸರದಿ. ಗದ್ದೆಯಿಂದ ಬಂದವರು, ಮೀನಿನ ಬುಟ್ಟಿ ಬದಿಗಿಟ್ಟವರು, ಎಲ್ಲರಿಗೂ ಒಂದೇ ಸ್ಟೂಲು, ಅರೆನಿಮಿಷ. ಆ ಪಟಗಳು ಎಷ್ಟು ಕೆಟ್ಟದಾಗಿ ಬಂದವು ಎಂಬ ತಮಾಷೆ ಇವತ್ತಿಗೂ ಮುಗಿದಿಲ್ಲ. ಆದರೆ ಎಷ್ಟೋ ಅಜ್ಜಿಯಂದಿರಿಗೆ ಅದೊಂದೇ ಪಟ. ಅಜ್ಜಿ ತೀರಿಕೊಂಡ ಮರುದಿನ ಮೊಮ್ಮಗ ಚೀಟಿ ಹಿಡಿದು ಸ್ಟುಡಿಯೋಕ್ಕೆ ಓಡುತ್ತಾನೆ. ಕಂಪ್ಯೂಟರಿನಲ್ಲಿ ಅಜ್ಜಿಗೆ ರೇಷ್ಮೆ ಸೀರೆ ಉಡಿಸಿ, ಹಿಂದೆ ನೀಲಿ ಬಣ್ಣ ಹಾಕಿ, ಶ್ರದ್ಧಾಂಜಲಿಯ ಬ್ಯಾನರಿಗೆ ಕೊಡುತ್ತಾರೆ. ಸರ್ಕಾರ ತನ್ನ ಲೆಕ್ಕಕ್ಕೆ ತೆಗೆದ ಮುಖವನ್ನು ಮನೆಯವರು ಹೀಗೆ ತಮ್ಮದು ಮಾಡಿಕೊಂಡದ್ದು ನಮಗೆ ಈ ಚರಿತ್ರೆಯ ಅತ್ಯಂತ ಒಳ್ಳೆಯ ಭಾಗ ಅನಿಸುತ್ತದೆ.

ಈಗ ರೋಲಿನ ಖರ್ಚಿಲ್ಲ, ಮಾತಾಡಿಸುವ ಅಗತ್ಯವೂ ಇಲ್ಲ. ವಿಜಯದಶಮಿಯಂದು ಕೊಲ್ಲೂರಿನಲ್ಲಿ ಅಕ್ಕಿಯ ಮೇಲೆ ಅಕ್ಷರ ಬರೆಯುತ್ತ ಅಳುವ ಮಗು, ನಾಗಮಂಡಲದ ಜನರ ನಡುವೆ ಕೈಮುಗಿದ ಮುದುಕ, ಗಂಗೊಳ್ಳಿ ಬಂದರಿನಲ್ಲಿ ಮೀನು ಆರಿಸುವ ಹೆಂಗಸು: ಉದ್ದ ಲೆನ್ಸ್ ದೂರದಿಂದಲೇ ಎತ್ತಿಕೊಳ್ಳುತ್ತದೆ. ಸಾರ್ವಜನಿಕ ಜಾಗದಲ್ಲಿ ತೆಗೆದರೆ ತಪ್ಪೇನು ಎಂಬ ವಾದವಿದೆ. ಪಟದ ಮಟ್ಟಿಗೆ ಅದಕ್ಕೆ ಒಂದಷ್ಟು ಬಲವೂ ಇದೆ: ಕೇಳಿದ ಕೂಡಲೇ ಮುಖ ಬಿಗಿಯಾಗುತ್ತದೆ, ಬೇಕಾದ ಗಳಿಗೆ ಹೋಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕು ಮೀನು ಮಾರುಕಟ್ಟೆಯ ಗೇಟಿನಲ್ಲಿ ಕಳಚಿಟ್ಟು ಬರುವಂಥದ್ದು ಎಂದು ನಮಗೆ ಅನಿಸುವುದಿಲ್ಲ.

ತೆಗೆದ ಮೇಲಾದರೂ ಹೆಸರು ಕೇಳಬಹುದಲ್ಲ. ಬಂದರಿನ ಆ ಮುಖದ ಕೆಳಗೆ 'ಮೀನುಗಾರ ಮಹಿಳೆ' ಎಂದಷ್ಟೇ ಬರೆದರೆ ಅದು ಥರ್ಸ್ಟನ್ ಸಾಹೇಬರ ಪುಟಕ್ಕೆ ತೀರಾ ಹತ್ತಿರ. ಮೀನು ಮಾರುವವರು ಮರುದಿನವೂ ಅದೇ ಜಾಗದಲ್ಲಿ ಕೂತಿರುತ್ತಾರೆ. ಒಂದು ಪ್ರಿಂಟ್ ಹಾಕಿಸಿ ಕೈಗೆ ಕೊಡುವುದಕ್ಕೆ ಬೆಳಗ್ಗೆ ಸ್ವಲ್ಪ ಬೇಗ ಏಳಬೇಕು, ಅಷ್ಟೆ.